ಎದುರಾಳಿಯ ಚೆಂಡು

ಷಿಕಾಗೊ, ಭಾನುವಾರ

ಪ್ರೀತಿಯ ಡನೂಟಾ,

ನಿನ್ನ ಭಾವಿ ಗಂಡ ಡೆರಿಕ್‌ನನ್ನು ನಿನ್ನೆ ಬೇಸ್‌ಬಾಲ್ ನೋಡಲು ಕರೆದೊಯ್ದೆ. ನಮ್ಮ ಕಾಲದ ವೊಯ್ಚಿಕ್ ಮುರಿದ ಬೆರಳಲ್ಲೇ ಪೂರ್ತಿ ಆಟ ಚೆಂಡೆಸೆದ, ಈಗಿನವರಿಗೆ ಉಗುರು ಸೀಳಿದರೂ ರಜೆ ಎಂದೆ. ತಲೆಯಾಡಿಸಿದ. ಹುಡುಗ ಪರವಾಗಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಎದುರಾಳಿ ಹೋಮ್ ರನ್ ಹೊಡೆದ; ಮೈದಾನ ದಾಟಿ ಗ್ಯಾಲರಿಗೆ ಹಾರಿ ಬಂದ ಚೆಂಡು ನೇರ ಇವನ ಕೈಗೇ ಬಿತ್ತು. ಎದುರಾಳಿಯ ಅಂಥ ಚೆಂಡನ್ನು ಮೈದಾನಕ್ಕೆ ವಾಪಸ್ ಬಿಸಾಡುವುದು ಬಿಟ್ಟು ನಮ್ಮಲ್ಲಿ ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? "ವಾಪಸ್ ಎಸಿಯೋ!" ಎಂದು ಗ್ಯಾಲರಿಗೆ ಗ್ಯಾಲರಿಯೇ ಅರಚಿತು. ಇವನು ಅದನ್ನು ಜೇಬಿಗಿಳಿಸಿ, "ಇರ್ಲಿ ಮಾವ, ಮುಂದೆ ಹುಟ್ಟೋ ನಮ್ಮ ಮಗೂಗೆ ಆಗತ್ತೆ" ಅಂದ. ಯಾರೋ ನನ್ನ ತಲೆಯ ಮೇಲೆ ಕಡಲೆಕಾಯಿ ಸಿಪ್ಪೆ ಸುರಿದರು.

ಮದುವೆಗೆ ನನ್ನ ಅಡ್ಡಿಯಿಲ್ಲ. ಆದರೆ ಮಗು ನಿಲ್ಲಲು ಕಲಿತ ಕೂಡಲೇ ಆ ಚೆಂಡಿನ ಸಮೇತ ನನ್ನ ಹತ್ತಿರ ಕಳಿಸು. ವಾಪಸ್ ಎಸೆಯುವುದನ್ನು ನಾನೇ ಕಲಿಸುತ್ತೇನೆ.

ಗುರುತು ಸಿಗದಂತೆ ಟೋಪಿ ಬದಲಿಸಿಕೊಂಡು ಓಡಾಡುತ್ತಿರುವ
ನಿನ್ನ ಅಪ್ಪ