ಚುಕ್ಕಾಣಿ ನನ್ನ ಕೈಗೆ ಬಂತು, ಉಸ್ತಾದ್

ನನ್ನ ಉಸ್ತಾದರಿಗೆ,

ನಿಮ್ಮ ಸುಜಾತಾ ಪಾಸಾದಳು. ಸುತ್ತುಬಳಸಿ ಮಾತಾಡುವವರನ್ನು ಕಂಡರೆ ನಿಮಗೆ ಆಗುತ್ತಿರಲಿಲ್ಲ, ಅದಕ್ಕೇ ಮೊದಲು ಹೇಳಿಬಿಟ್ಟೆ. ಮುಂಬಯಿಯ ನಮ್ಮ ಕ್ಲಬ್ಬಿನಲ್ಲಿ ತಳಕ್ಕೆ ಸೀಸದ ಭಾರ ಕಟ್ಟಿದ ದೊಡ್ಡ ಹಾಯಿದೋಣಿಯೊಂದಿದೆ, ಕೀಲ್‌ಬೋಟ್ ಅನ್ನುತ್ತಾರೆ. ಅದನ್ನು ಇನ್ನು ಮೇಲೆ ನಾನೇ ಸ್ಕಿಪ್ಪರ್ ಆಗಿ ಸಮುದ್ರಕ್ಕೆ ಒಯ್ಯಬಹುದು. ಕಮಲಾಪುರಕ್ಕೆ ಬಂದಿದ್ದೇನೆ. ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿಯ ನೆಹರು ಗಂಜಿನ ನಿಮ್ಮ ಅಂಗಡಿಗೆ ಬಂದ ಮೊದಲ ದಿನ ನೆನಪಿದೆಯಾ? ಎದುರಿನ ಕಾಳಿನ ಅಡತಿ ಅಂಗಡಿಯಲ್ಲಿ ಅವ್ವ ತೊಗರಿ ಹಸನು ಮಾಡುತ್ತಿದ್ದಳು. ಡಿಗ್ರಿ ನಡುವೆಯೇ ಬಿಟ್ಟಿದ್ದ ನಾನು ಅವಳ ಜೊತೆ ಬಸ್ಸಿನಲ್ಲಿ ಬಂದು ಸುಮ್ಮನೆ ಕೂತಿರುತ್ತಿದ್ದೆ. ನೀವು ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತಿದ್ದಿರಿ. "ಏನ ನೋಡಾಕತ್ತೀ? ಬಾ, ಆ ಕಡೆ ಅಂಚ ಹಿಡಿ" ಅಂದಿರಿ. ಆ ಕೆಲಸದಲ್ಲಿ ಆರು ವರ್ಷ ಕಳೆದೆ. "ಹೆಣ್ಣ ಹುಡುಗೀಗಿ ಈ ಕೆಲಸ ಎದಕ್ಕ?" ಎಂದು ಲಾರಿಯವರು ಕೇಳಿದರೆ ನೀವು ತಲೆಯನ್ನೂ ಎತ್ತದೆ, "ಸೂಜೀಗಿ ಗೊತ್ತಾಗ್ತದೇನ್ರೀ, ಹಿಡದಾಕಿ ಯಾರಂತ?" ಅನ್ನುತ್ತಿದ್ದಿರಿ.

ಹಾಯಿ ರಿಪೇರಿಗೆ ದಪ್ಪ ಬಟ್ಟೆ ಹೊಲಿಯುವವರು ಬೇಕಂತೆ ಎಂಬ ಸುದ್ದಿ ಮುಂಬಯಿಯಿಂದ ತಂದವರೂ ನೀವೇ. "ಪ್ಲಾಸ್ಟಿಕ್ ಬಂದ ಮ್ಯಾಲ ನಮ್ಮ ಧಂದಾ ಮುಗೀತು ಬೇಟಿ. ನೀ ಹೋಗು" ಅಂದಿರಿ. ಹೋದೆ. ನಾನು ಹೊಲಿದ ಹಾಯಿ ಎಲ್ಲಿ ಜಗ್ಗುತ್ತದೆ ಎಂದು ನೋಡಲು ಒಂದು ದಿನ ದೋಣಿ ಹತ್ತಿದೆ. ಆಮೇಲೆ ಇಳಿಯಲು ಮನಸ್ಸೇ ಬರಲಿಲ್ಲ. ರಜೆಯ ದಿನಗಳಲ್ಲಿ ಕಲಿತೆ. ಸಣ್ಣ ದೋಣಿ, ಆಮೇಲೆ ದೊಡ್ಡದು, ಆಮೇಲೆ ಈ ಪರೀಕ್ಷೆ...

ಮೊದಲ ಸಲ ಪರೀಕ್ಷೆಗೆ ಕೂತಾಗ ಆದದ್ದನ್ನು ನಿಮಗೆ ಪೂರ್ತಿ ಹೇಳಿರಲಿಲ್ಲ. ನನ್ನ ಕೈಕೆಳಗೆ ನಾಲ್ಕು ಜನ ಮೆಂಬರುಗಳು. ಮುಂದಿನ ಹಾಯಿಯ ಹಗ್ಗ ಹಿಡಿದವರು ಒಬ್ಬ ದೊಡ್ಡ ಸರ್ಜನ್, ಕ್ಲಬ್ಬಿನಲ್ಲಿ ಎಲ್ಲರೂ ಎದ್ದು ನಿಂತು ಮಾತಾಡಿಸುವ ಮನುಷ್ಯ. ದಿಕ್ಕು ಬದಲಿಸುವಾಗ ಅವರು ಹಗ್ಗ ಸಡಿಲ ಬಿಡಬೇಕಿತ್ತು, ಬಿಡಲಿಲ್ಲ. 'ಬಿಡಿ' ಎನ್ನಲು ನನಗೆ ಬಾಯಿಯೇ ಬರಲಿಲ್ಲ. ಚುಕ್ಕಾಣಿ ಬಿಟ್ಟು ನಾನೇ ಹಾರಿ ಹೋಗಿ ಹಗ್ಗ ಬಿಚ್ಚಿದೆ. ದೋಣಿ ಗಿರಕ್ಕನೆ ತಿರುಗಿ ಮಗ್ಗುಲಿಗೆ ವಾಲಿತು, ಒಬ್ಬರ ಮೊಣಕೈಯ ಚರ್ಮ ಕಿತ್ತುಬಂತು. "ನಿನಗೆ ದೋಣಿ ನಡೆಸಲು ಬರುತ್ತದೆ, ಜನರನ್ನು ನಡೆಸಲು ಬರುವುದಿಲ್ಲ" ಎಂದು ಪರೀಕ್ಷಕಿ ಬರೆದುಕೊಟ್ಟರು. ಸುಳ್ಳೇನು?

ಸ್ಟೇಶನ್ ಬಜಾರದ ಹಿಂದಿನ ನಿಮ್ಮ ಮನೆಗೆ ಆ ಮುಖ ಹೊತ್ತೇ ಬಂದಿದ್ದೆ. ನೀವು ಬಾಗಿಲ ಹೊರಗೆ ಮಂಚದ ಮೇಲೆ ಮಲಗಿದ್ದಿರಿ. ಉಸಿರಾಡುವುದೇ ಕಷ್ಟವಾಗಿತ್ತು.

"ಅಷ್ಟ ದೊಡ್ಡ ಸಾಹೇಬ್ರಿಗಿ ಹಂಗ ಮಾಡ್ರಿ, ಹಿಂಗ ಮಾಡ್ರಿ ಅಂತ ಹೆಂಗ ಅನ್ಲಿ ಉಸ್ತಾದ್?" ಎಂದು ಅತ್ತೆ.

ನೀವು ಸಮಾಧಾನ ಮಾಡಲಿಲ್ಲ. ಒಳಗಿನಿಂದ ಹಳೆಯ ತಾಡಪತ್ರಿ ತರಿಸಿದಿರಿ. ಒಂದು ಮೂಲೆ ನಿಮ್ಮ ಮಡದಿ ಖಾಲಾಗೆ, ಎರಡು ಮೂಲೆ ಪಕ್ಕದ ಮನೆಯವರಿಗೆ, ಒಂದು ಮೂಲೆ ನಿಮ್ಮದೇ ಮುಷ್ಟಿಗೆ.

"ಮಡಚಸು. ನೀ ಕೈ ಹಚ್ಚಬ್ಯಾಡ."

"ಉಸ್ತಾದ್, ಜರಾ ಈ ಕಡೆ..."

"ಜರಾ-ಗಿರಾ ಬ್ಯಾಡ! ಹುಕುಂ ಕೊಡು!"

ನಿಮಗೆ ಹುಕುಂ ಕೊಡುವುದೇ? ಖಾಲಾ ನಗುತ್ತಾ, "ಅಂದ್ಬಿಡು ಬೇಟಿ, ನಲವತ್ತ ವರ್ಷದಿಂದ ನಾ ಅನ್ನಾಕತ್ತೀನಿ, ಏನೂ ಆಗಿಲ್ಲ ಇವರಿಗಿ" ಅಂದರು. ಆಗ ಕೂಗಿದೆ: "ಉಸ್ತಾದ್, ನಿಮ್ಮ ಮೂಲಿ ಬಿಡ್ರಿ!" ಓಣಿಯೆಲ್ಲ ತಿರುಗಿ ನೋಡಿತು. ನೀವು ತಕ್ಷಣ ಬಿಟ್ಟಿರಿ. ಕೆಮ್ಮುತ್ತಲೇ, "ಮತ್ತೊಮ್ಮೆ" ಅಂದಿರಿ. ಅವತ್ತು ಹನ್ನೊಂದು ಸಲ ಮಡಚಿಸಿದೆ.

ನೀವು ಹೋದ ಸುದ್ದಿ ಬಂದಾಗ ನಾನು ಹರಿದ ಹಾಯಿಗೆ ತೇಪೆ ಹಾಕುತ್ತಿದ್ದೆ. ರೈಲಿನಲ್ಲಿ ಕಲಬುರಗಿ ಮುಟ್ಟುವಷ್ಟರಲ್ಲಿ ಮಣ್ಣೂ ಮುಗಿದಿತ್ತು. ನಿಮ್ಮ ಮುಖ ನೋಡಲಿಕ್ಕಾಗಲಿಲ್ಲ. ಅದೊಂದು ಮಾತ್ರ... ಇರಲಿ. ವಾಪಸು ಹೋದ ದಿನವೇ ಎರಡನೇ ಪರೀಕ್ಷೆಗೆ ಹೆಸರು ಬರೆಸಿದೆ.

ಪರೀಕ್ಷೆಯ ಬೆಳಿಗ್ಗೆ ಗಾಳಿ ಚುರುಕಾಗಿತ್ತು. ಮತ್ತೆ ಅದೇ ಸರ್ಜನ್, ಅದೇ ಹಗ್ಗ. ಪರೀಕ್ಷಕಿ ಒಂದು ಕಿತ್ತಳೆ ಬಣ್ಣದ ಬೆಂಡನ್ನು ನೀರಿಗೆಸೆದು "ಮನುಷ್ಯ ಬಿದ್ದ!" ಎಂದರು. ಅದರ ಮೇಲಿನ ಕಣ್ಣು ಕೀಳಬೇಡ ಎಂದು ಒಬ್ಬನಿಗೆ ಹೇಳಿದೆ. ದೋಣಿ ತಿರುಗಿಸಿದೆ. ಸರ್ಜನ್ ಈ ಸಲವೂ ಹಗ್ಗ ಹಿಡಿದೇ ಕೂತಿದ್ದರು. "ಹಗ್ಗ ಬಿಡಿ. ಈಗಲೇ!" ಎಂದೆ. ಅವರು ಬೆಚ್ಚಿ ನನ್ನ ಮುಖ ನೋಡಿದರು. ನಾನು ಚುಕ್ಕಾಣಿ ಬಿಡಲಿಲ್ಲ, ನೋಟವನ್ನೂ ತಗ್ಗಿಸಲಿಲ್ಲ. ಹಗ್ಗ ಸರ್ರನೆ ಜಾರಿತು. ಬೆಂಡು ಕೈಗೆ ಸಿಗುವಷ್ಟು ಹತ್ತಿರ ಬಂದು ದೋಣಿ ನಿಂತಿತು.

ನಿನ್ನೆ ಅವ್ವನಿಗೆ ಪಾಸಾದ ಕಾಗದ ತೋರಿಸಿದೆ. ಜೀವಮಾನವೆಲ್ಲ ಸಾಹುಕಾರರ ಮಾತು ಕೇಳಿದವಳು, ಓದಲು ಬಾರದ ಆ ಕಾಗದವನ್ನು ತಿರುವಿ ಮುರುವಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಂಥಾ ದೊಡ್ಡ ಮಂದಿ ಖರೇನೇ ನಿನ್ನ ಮಾತ ಕೇಳ್ತಾರ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಳೆದ ಭಾನುವಾರ ಸ್ಕಿಪ್ಪರ್ ಆಗಿ ನನ್ನ ಮೊದಲ ಪಯಣ, ಕೊಲ್ಲಿ ದಾಟಿ ಆಚೆ ದಡಕ್ಕೆ. ಐದು ಜನ ತಯಾರಾಗಿ ನಿಂತಿದ್ದರು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು, ನೀರು ಬಣ್ಣ ಬದಲಿಸಿತ್ತು. ಅಷ್ಟು ದಿನ ಕಾದಿದ್ದೆ, ನನಗೇ ಆಸೆ ಎಲ್ಲರಿಗಿಂತ ಹೆಚ್ಚು. ಆದರೂ, "ಇವತ್ತು ಹೋಗುವುದಿಲ್ಲ" ಎಂದೆ. ಸರ್ಜನ್ ಒಂದು ಕ್ಷಣ ಮೋಡ ನೋಡಿದರು, ಆಮೇಲೆ ನನ್ನನ್ನು. ಲೈಫ್ ಜಾಕೆಟ್ ಬಿಚ್ಚಿ ಗೂಟಕ್ಕೆ ತೂಗುಹಾಕಿದರು.

ಬರುವ ಭಾನುವಾರ ಮತ್ತೆ ಅದೇ ಐದು ಜನ ಬರುತ್ತಾರೆ. ಗಾಳಿ ಹದವಾಗಿದ್ದರೆ ದಾಟುತ್ತೇವೆ. ಇಲ್ಲದಿದ್ದರೆ ಇಲ್ಲ. ಎರಡರಲ್ಲಿ ಯಾವುದೆಂದು ನಾನು ಹೇಳುತ್ತೇನೆ, ಉಸ್ತಾದ್.

ನಿಮ್ಮ
ಸುಜಾತಾ