ಸಿಂಚನಾಗ ತಂದ ಗಿಲಕಿ

ಹರಪನಹಳ್ಳಿ
13-11-2025

ಪ್ರೀತಿಯ ತಂಗಿ ಕೀರ್ತನಾ,

ಹಡಗಲಿಯಾಗ ನೀನು, ನಿನ್ನ ಮಗ, ನಿಮ್ಮನಿ ಮಂದಿ ಎಲ್ಲಾರೂ ಆರಾಮ ಅದೀರಂತ ತಿಳ್ಕೊಂಡು ಬರಿಯಾಕತ್ತೀನಿ. ನಿನ್ನ ಕಾಗದ ಬಂದಮ್ಯಾಲ ದಸರಾ ಹೋತು, ದೀಪಾವಳಿನೂ ಹೋತು. ತಡ ಆತು, ಸಿಟ್ಟಾಗಬ್ಯಾಡ. ಫೋನಿನಾಗ ಹೇಳಬಹುದಿತ್ತು. ಆದ್ರ ನಿಮ್ಮನಿಯಾಗ ಫೋನು ಬಂತಂದ್ರ ಸ್ಪೀಕರ್ ಹಾಕ್ತೀರಿ, ನಿಮ್ಮತ್ತಿ ಪಕ್ಕದಾಗ ಕುಂತಿರ್ತಾರ. ಇದು ಅತ್ತಿ ಕೇಳೋ ಮಾತಲ್ಲ.

"ಮಗನಿಗೆ ವರ್ಷ ತುಂಬಾಕ ಬಂತು, ಎಂಥ ಆಟದ ಸಾಮಾನು ತರ್ಲಿ ಅಕ್ಕಾ" ಅಂತ ಕೇಳಿದ್ದಿ. ನನ್ನ ಕೇಳೀಯಲ್ಲ, ಅದಕ್ಕ ನಗು ಬಂತು. ನಮ್ಮ ಸಿಂಚನಾಗ ವರ್ಷ ತುಂಬಿದಾಗ ಏನಾತು ಅಂತ ಹೇಳ್ತೀನಿ ಕೇಳು.

ನನ್ನ ಡ್ಯೂಟಿ ನಿನಗ ಗೊತ್ತಲ್ಲ. ಕೊಟ್ಟೂರು ಮ್ಯಾಲೆ ಕೂಡ್ಲಿಗಿ ಬಸ್ಸು. ಟಿಕೆಟ್ ಮಿಷಿನ್ನು ಕೊರಳಿಗೆ ಹಾಕ್ಕೊಂಡು ಹೊಂಡ್ತೀನಿ, ಆಗ ಮಗು ಮಲಗಿರ್ತೈತಿ. ತಿರುಗಿ ಬಂದಾಗೂ ಮಲಗಿರ್ತೈತಿ. ನೈಟ್ ಹಾಲ್ಟ್ ಬಿದ್ರ ಆ ದಿನ ಮಗುವಿನ ಮಾರಿನೂ ಕಾಣಂಗಿಲ್ಲ. ನಿಮ್ಮ ಭಾವ ಪಡಸಾಲಿಯಾಗ ಮಿಷಿನ್ ಹಾಕ್ಕೊಂಡು ಬಟ್ಟಿ ಹೊಲಿತಾರ. ಹಗಲೆಲ್ಲಾ ಮಗು ಅವರ ಕಾಲ ಬುಡಕ. ನಮ್ಮತ್ತಿ ದ್ಯಾಮಕ್ಕ ಅಡಿಗಿ ಮಾಡ್ತಾ ಒಂದು ಕಣ್ಣು ಇಟ್ಟಿರ್ತಾರ.

ಹುಟ್ಟುಹಬ್ಬಕ್ಕಂತ ಕೊಟ್ಟೂರಿನಾಗ ಬಸ್ಸು ನಿಂತಾಗ ಓಡಿ ಹೋಗಿ ಒಂದು ಬಣ್ಣದ ಗಿಲಕಿ, ಒತ್ತಿದ್ರ ಕೀ ಅನ್ನೋ ರಬ್ಬರ್ ಬಾತುಕೋಳಿ ತಂದೆ. ಸಣ್ಣ ಕೂಸಿದ್ದಾಗ ಗಿಲಕಿ ಸಪ್ಪಳಕ್ಕ ಮಗು ಕಾಲು ಬಡಿದು ನಗ್ತಿತ್ತಲ್ಲ, ಅದು ನನ್ನ ಕಣ್ಣಾಗ ಹಂಗ ಇತ್ತು. ಮನಿಗೆ ಬಂದು ಕೈಯಾಗ ಕೊಟ್ಟೆ. ಒಂದು ಸಲ ಅಲ್ಲಾಡಿಸಿದ್ಳು, ಕೆಳಗ ಒಗೆದು ಮಿಷಿನ್ ಕಡೆ ಅಂಬೆಗಾಲು ಹಾಕಿದ್ಳು. ಅಲ್ಲಿ ದಾರ ಮುಗಿದ ದೊಡ್ಡ ದೊಡ್ಡ ಪ್ಲಾಸ್ಟಿಕ್ ರೀಲುಗಳು ಇದ್ವು. ಒಂದರ ಮ್ಯಾಲೊಂದು ಏರಿಸ್ತಾಳ, ಕೆಡವ್ತಾಳ, ಪಾತ್ರಿಗೆ ಹಾಕ್ತಾಳ, ಮತ್ತ ತೆಗಿತಾಳ.

ನಿಮ್ಮ ಭಾವ ಮೆಲ್ಲಗ ಅಂದ್ರು, "ಅದು ಸಣ್ಣಾಕಿ ಇದ್ದಾಗಿನ ಆಟ ಆತು ಮಂಜಿ. ಈಗ ಆಕಿಗೆ ತುಂಬೋದು, ಸುರಿಯೋದು, ಹಿಡ್ಕೊಂಡು ನಿಂದ್ರೋದು ಬೇಕು."

"ನಂಗೇನು ಗೊತ್ತಿಲ್ಲೇನು? ನಾ ಹಡೆದಿಲ್ಲೇನು?" ಅಂದೆ.

ಅವರು ತಲಿ ತಗ್ಗಿಸಿ ಮತ್ತ ಮಿಷಿನ್ ತುಳಿಯಾಕತ್ತಿದ್ರು. ತಿರುಗಿ ಜಗಳಾಡಿದ್ರ ಚಲೋ ಇತ್ತು.

ನನ್ನ ಎದಿಯಾಗ ಕಿಚ್ಚು ಹತ್ತಿತು ಕೀರ್ತಿ. ಸುಳ್ಳು ಯಾಕ ಹೇಳ್ಲಿ, ಗಂಡನ ಮ್ಯಾಲೇ ಹೊಟ್ಟಿಕಿಚ್ಚು. ಮರುವಾರ ಕೂಡ್ಲಿಗಿಯಿಂದ ದೀಪ ಹತ್ತೋ, ಇಂಗ್ಲಿಷಿನಾಗ ಹಾಡೋ ರೈಲು ತಂದೆ. ಆ ರೀಲುಗಳನ್ನೆಲ್ಲಾ ಚೀಲಕ್ಕ ತುಂಬಿ ಅಟ್ಟದ ಮ್ಯಾಲಿಟ್ಟೆ. ರೈಲು ಕೂಗಿದ್ದೇ ತಡ ಮಗು ಚಿಟ್ಟನೆ ಚೀರಿ ಅಪ್ಪನ ಕೊರಳಿಗೆ ಜೋತು ಬಿತ್ತು. ಆಮ್ಯಾಲೆ ಅಟ್ಟದ ಕಡೆ ಬೆರಳು ತೋರ್ಸಿ "ಆ, ಆ" ಅಂತು. ನಾನು ಇಟ್ಟಿದ್ದು ನೋಡಿತ್ತು ಕಳ್ಳಿ!

ನಮ್ಮತ್ತಿ, "ಇಳಿಸಿ ಕೊಡವ್ವ, ಅಳಿಸ್ಬ್ಯಾಡ" ಅಂದ್ರು. ನಿಮ್ಮ ಭಾವ ಸ್ಟೂಲು ತಂದಿಟ್ರು, ತಾವು ಹತ್ಲಿಲ್ಲ. "ನೀನ ಇಳಿಸಿ ಕೊಡು. ನಿನ್ನ ಕೈಯಿಂದ ತಗೊಳ್ಳಿ" ಅಂದ್ರು. ಇಳಿಸಿದೆ. ನೆಲಕ್ಕ ಕುಂತು ಒಂದೊಂದೇ ಕೊಟ್ಟೆ. ಆಕಿ ಇಸ್ಕೊಂಡಳು, ತಿರುಗಿ ನನ್ನ ಕೈಯಾಗ ಇಟ್ಟಳು. ಕೊಡೋದು ಇಸ್ಕೊಳ್ಳೋದು, ಅದೇ ಆಟ. ಬಾಳ ಹೊತ್ತು ಆಡಿದ್ವಿ. ಖುಷಿ ಆತು. ಆದ್ರ ಆ ಆಟ ಆಕಿಗೆ ಕಲಿಸಿದ್ದು ನಾನಲ್ಲ ಅನ್ನೋದು ಹೋಗ್ಲಿಲ್ಲ.

ಹಂಗಾಗಿ ನಿನಗ ನಾ ಹೇಳೋದಿಷ್ಟ. ಅಂಗಡಿಗೆ ಹೋಗೋಕಿಂತ ಮೊದ್ಲು ಎರಡು ದಿನ ನಿನ್ನ ಮಗನ್ನ ಸುಮ್ನ ನೋಡು. ಏನು ಎಳಿತಾನ, ಎಲ್ಲಿ ಹಿಡ್ಕೊಂಡು ಎದ್ದು ನಿಂದಿರ್ತಾನ, ಏನು ತೋರ್ಸಿ ಕೇಳ್ತಾನ. ಬಾಯಾಗ ಹೋಗೋವಷ್ಟು ಸಣ್ಣದು ಯಾವುದೂ ಬ್ಯಾಡ. ನಿಮ್ಮ ಭಾವ ಗುಂಡಿ ಡಬ್ಬಿನ ಬೀರುವಿನಾಗಿಟ್ಟು ಕೀಲಿ ಹಾಕ್ಯಾರ. ಸ್ಟೂಲು ತಳ್ಳಿಕೊಂಡು ಅಡ್ಡಾಡ್ತಾಳಂತ ಬಡಿಗೇರನ ಕಡೆಯಿಂದ ಒಂದು ತಳ್ಳೋ ಗಾಡಿ ಮಾಡಿಸಿದ್ರು. ಹಗುರಿದ್ರ ಮಗು ಸಮೇತ ಹಿಂದಕ್ಕ ಮಗುಚ್ತೈತಿ ಅಂತ ಒಳಗ ಬಟ್ಟಿ ಸುತ್ತಿದ ಇಟ್ಟಂಗಿ ಇಟ್ಟಾರ. ಅಂಥದ್ದು ಮಾಡ್ಸು.

ಈಗ ಸಂತೋಷದ ಸುದ್ದಿ. ಹೋದ ಭಾನುವಾರ ನನಗ ರಜಾ ಇತ್ತು. ಸಿಂಚನಾ ಗಾಡಿ ತಳ್ಳಿಕೊಂಡು ಪಡಸಾಲಿ ತುದಿಗೆ ಬಂದ್ಳು. ನಾನು ಕೈ ಚಾಚಿದೆ. ಗಾಡಿ ಬಿಟ್ಟಳು. ತೂರಾಡ್ತಾ ತೂರಾಡ್ತಾ ಬಂದು ನನ್ನ ಮಡಿಲಾಗ ಬಿದ್ದಳು! "ನಡೆದ್ಳು ನಡೆದ್ಳು, ಅವ್ವನ ಕಡೆಗೇ ಮೊದ್ಲು ನಡೆದ್ಳು" ಅಂತ ನಮ್ಮತ್ತಿ ದೃಷ್ಟಿ ತೆಗೆದ್ರು. ನಿಮ್ಮ ಭಾವ ಮಿಷಿನ್ ನಿಲ್ಲಿಸಿ ನಗ್ತಾ ಕುಂತಿದ್ರು. ನಾನು ಅವರ ಕಡೆ ನೋಡಿದೆ, ಗೆದ್ದಾಕಿ ಹಂಗ. ಮರುದಿನ ಡಿಪೋದಾಗ ಎಲ್ಲಾರಿಗೂ ಪೇಡೆ ಹಂಚಿದೆ.

ಮಗನ್ನ ಜ್ವಾಪಾನ ಮಾಡು. ಉಚ್ಚಂಗೆಮ್ಮ ನಿಮ್ಮ ಮನಿ ತುಂಬ ನಗು ಇಡ್ಲಿ, ಮಗ ಗಟ್ಟಿಮುಟ್ಟಾಗಿ ಬೆಳಿಲಿ. ಮೈದುನಗೂ, ನಿಮ್ಮತ್ತಿಗೂ ಕೇಳಿದ್ನೆಂದು ಹೇಳು.

ನಿನ್ನ ಅಕ್ಕ,
ಮಂಜಮ್ಮ

ತಾ.ಕ.: ಇದನ್ನ ಬರೆಯಬಾರದು ಅಂತಿದ್ದೆ. ನಿನ್ನೆ ಆಚಿಮನಿ ಮಾರೆಮ್ಮ ನೀರು ಹಿಡಿಯಾಕ ಬಂದಾಕಿ, "ನಿಮ್ಮ ಮಗಳು ಹೋದವಾರ ನಮ್ಮನಿ ಹೊಸ್ತಿಲ ತನಕ ನಡ್ಕೊಂಡು ಬಂದಿದ್ಳಲ್ಲ, ಈಗ ಓಡ್ತಾಳೇನು?" ಅಂದ್ಳು. ಅಂದಾಕಿ ನಾಲಿಗಿ ಕಚ್ಕೊಂಡಳು. ಅಂದ್ರ ಆ ಭಾನುವಾರಕ್ಕಿಂತ ಮೊದ್ಲೇ ನಡೆದಿದ್ಳು. ನಿಮ್ಮ ಭಾವ ಓಣಿಗೆಲ್ಲಾ ಹೇಳಿಟ್ಟಿದ್ರಂತ, "ಮಂಜಿ ನೋಡೋ ತನಕ ಯಾರೂ ಬಾಯಿ ಬಿಡಬ್ಯಾಡ್ರಿ" ಅಂತ. ನನಗ ಗೊತ್ತಾಗೈತಿ ಅಂತ ಅವರಿಗಿನ್ನೂ ಹೇಳಿಲ್ಲ. ಏನಂತ ಹೇಳ್ಲಿ? ಅವರ ಮ್ಯಾಲ ಸಿಟ್ಟು ಬರವಲ್ದು, ಅದಕ್ಕ ಇನ್ನೂ ಹೊಟ್ಟಿ ಉರಿತೈತಿ. ನಾನಾಗಿದ್ರ ಮುಚ್ಚಿಡ್ತಿರ್ಲಿಲ್ಲ, ಫೋನು ಮಾಡಿ ಮೆರೀತಿದ್ದೆ. ನೀನು ಮನಿಯಾಗ ಅದಿ, ನಿನ್ನ ಮಗ ನಡೆದ್ರ ನೀನ ನೋಡ್ತಿ. ನೋಡಿದ ದಿನ ನನಗ ಹೇಳಬ್ಯಾಡ ಕೀರ್ತಿ. ಸ್ವಲ್ಪ ದಿನ ಬಿಟ್ಟು ಹೇಳು.