ಗಾಜು ತೊಳೆಯುವ ಕಾಲ

ಕೋಡಿಬಾಗ, ಕಾರವಾರ
ತಾ. ೯ ಮೇ ೧೯೩೬

ಚಿರಂಜೀವಿ ದೇವಾನಂದನಿಗೆ ಅವ್ವನ ಆಶೀರ್ವಾದ.

ಮುಂಗೈ ಮೂಳೆ ಕೂಡಿತೇ? ಪಕ್ಕದ ಮನೆಯ ರಾಮನ ದೋಣಿಹುಟ್ಟಿನ ಏಟು ಸಣ್ಣದಲ್ಲ. ದೋಣಿಯನ್ನು ಅಲೆಗೆ ಎದುರಾಗಿ ನಿಲ್ಲಿಸುವ ತೋಳು ಅವನದು. ಹಗ್ಗ ಎಳೆಯುವಾಗ ನೋವಾದರೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು. ಮಗನ ಕೈ ಮುರಿದವನನ್ನು ಹೊಗಳುತ್ತಾಳಲ್ಲ ಎಂದು ಸಿಟ್ಟಾಗಬೇಡ. ಹೆತ್ತ ಹೊಟ್ಟೆ, ಉರಿಯುತ್ತದೆ. ಆದರೆ ಅಂದು ಆ ಏಟು ಬೀಳದೇ ಇದ್ದಿದ್ದರೆ ನೀನು ಇವತ್ತು ಮುಂಬಯಿಯ ಉಗಿಹಡಗು ಆಗಬೋಟಿನಲ್ಲಿ ಖಲಾಸಿಯಾಗಿ ಇರುತ್ತಿರಲಿಲ್ಲ, ಜೈಲಿನಲ್ಲಿರುತ್ತಿದ್ದೆ. ನಿನ್ನ ಹೆಂಡತಿ ಸುಬ್ಬಿ ಸುಡುಗಾಡಿನಲ್ಲಿ ಇರುತ್ತಿದ್ದಳು.

ನಿನ್ನ ಕಾರ್ಡು ಬಂತು. ಮಳೆಗಾಲಕ್ಕೆ ಆಗಬೋಟು ನಿಲ್ಲುತ್ತದೆ, ಕೊನೆಯ ಬೋಟಿಗೆ ಮನೆಗೆ ಬರುತ್ತೇನೆ, ಅಷ್ಟರೊಳಗೆ ಕಿಡಕಿಗಳಿಗೆ ತಟ್ಟಿ ಕಟ್ಟಿಸಿರು, ಗಾಜು ತೊಳೆಯುವುದನ್ನು ದೀಪಾವಳಿಗೆ ನೋಡೋಣ ಎಂದು ಬರೆದಿದ್ದೀಯ. ಹೆಂಡತಿ ಬದುಕಿದ್ದಾಳೋ ಎಂದು ಕೇಳಲು ಜಾಗ ಸಿಗಲಿಲ್ಲ, ಕಿಡಕಿಗೆ ಸಿಕ್ಕಿತು! ನಮ್ಮ ಕಡಲದಂಡೆಯ ರೂಢಿ ನನಗೆ ನೀನು ಹೇಳಿಕೊಡಬೇಕೇ? ಜೂನಿನ ಮೃಗೆ ಮಳೆಗೆ ಮುಂಚೆ ತೆಂಗಿನ ಗರಿಯ ಮಡ್ಲು ಹೆಣೆದು ಕಿಡಕಿಗೆ ಹೊರಗಿನಿಂದ ತಟ್ಟಿ ಕಟ್ಟುವುದು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಸಿದರೂ ತಟ್ಟಿ ತೆಗೆಯುವುದಿಲ್ಲ. ನವರಾತ್ರಿಗೆ ಗಾಳಿ ತಿರುಗಿದ ಮೇಲೆ ತೆಗೆದು, ಗಾಜಿಗೆ ಹತ್ತಿದ ಉಪ್ಪನ್ನು ಬೂದಿನೀರಿನಲ್ಲಿ ತೊಳೆಯುವುದು. ಅದಕ್ಕಿಂತ ಮೊದಲು ತೊಳೆದರೆ ಮಾರನೆಯ ದಿನ ಮತ್ತೆ ಉಪ್ಪು. ಗಾಜಿಗೆ ಅದೇ ಸರಿಯಾದ ಕಾಲ, ನಾನೂ ಒಪ್ಪುತ್ತೇನೆ. ಊರಿನವರ ಗಾಜಿನಲ್ಲಿ ಕೊಳೆ ಇರುವುದು ಹೊರಬದಿಗೆ. ನಮ್ಮ ಮನೆಯಲ್ಲಿ ಮಾತ್ರ ನಾನು ಒಳಬದಿಯನ್ನು ಮೊದಲು ತೊಳೆಯಬೇಕಾಗುತ್ತಿತ್ತು. ನಿನ್ನ ಅಪ್ಪ ಇದ್ದಷ್ಟು ಕಾಲ ಅಲ್ಲಿ ಹತ್ತಿರುತ್ತಿದ್ದದ್ದು ನನ್ನ ತಲೆಯ ಎಣ್ಣೆ, ನನ್ನ ರಕ್ತ. ಆಮೇಲೆ ಸುಬ್ಬಿಯದು. ಹೊರಗೆ ತಟ್ಟಿ, ಕಡಲಿನ ಅಬ್ಬರ. ಒಳಗೆ ಕೂಗಿಕೊಂಡರೆ ಯಾರಿಗೆ ಕೇಳಬೇಕು?

ಹೋದ ಆಷಾಢದ ಆ ಸಂಜೆ ನಿನಗೆ ಎಷ್ಟು ನೆನಪಿದೆಯೋ, ಕುಡಿದಿದ್ದೆ. ಸಾರಿಗೆ ಹುಳಿ ಸಾಲದು ಎಂಬುದೇ ತಪ್ಪು. ಮಡಕೆಯನ್ನು ಅವಳ ಎದೆಗೆ ಎಸೆದೆ. ಜುಟ್ಟು ಹಿಡಿದು ಎಳೆದೊಯ್ದು ಕಿಡಕಿಯ ಚೌಕಟ್ಟಿಗೆ ಮುಖ ಜಜ್ಜಿದೆ, ಒಂದು ಸಲವಲ್ಲ. ನಾನು ನಿನ್ನ ಸೊಂಟ ಹಿಡಿದು ಜೋತುಬಿದ್ದೆ. ನೀನು ಒದ್ದ ಒದೆತಕ್ಕೆ ಒರಳಿನ ಮೇಲೆ ಬಿದ್ದು ಮುಂದಿನ ಹಲ್ಲು ಕಳೆದುಕೊಂಡೆ. ಬಾಯಿ ತುಂಬ ರಕ್ತ. ಎದ್ದವಳೇ ಕಾಯಿ ಕಡಿಯುವ ಕೊಯ್ತ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಮೊದಲು ನೋಡಿದ್ದು ನಿನ್ನ ಕುತ್ತಿಗೆಯನ್ನೇ. ಆಮೇಲೆ ಹಿತ್ತಲ ಬಾಗಿಲಿನಿಂದ ಮಳೆಗೆ ಓಡಿ, ತಟ್ಟಿಯ ಹಗ್ಗವನ್ನು ಕಡಿದು ಕಡಿದು ಬೀಳಿಸಿದೆ. ಒಳಗೆ ದೀಪ ಉರಿಯುತ್ತಿತ್ತು, ಆದರೆ ಉಪ್ಪು ಕಟ್ಟಿದ ಗಾಜಿನಲ್ಲಿ ಏನು ಕಾಣುತ್ತದೆ? ಸೀರೆಯ ಸೆರಗಿನಿಂದಲೇ ತಿಕ್ಕಿದೆ. ರಾಮನ ಹೆಂಡತಿ ನಾಗಿ ಜಗಲಿಯಿಂದ ಕೂಗಿದಳು, “ಏ ಕಾಶಿ, ಮಳೇಲಿ ಕಿಡ್ಕಿ ತೊಳೀತ್ಯಲ್ಲೇ, ಮಳ್ಳ್ ಹಿಡ್ದದ್ಯನೇ?” ನಗುತ್ತಲೇ ಹತ್ತಿರ ಬಂದಳು. ಗಾಜಿನ ಆಚೆ ಚಪ್ಪಟೆಯಾಗಿ ಒತ್ತಿಕೊಂಡಿದ್ದ ಸುಬ್ಬಿಯ ಮುಖ ನೋಡಿದವಳು ಗಂಡನನ್ನು ಕರೆದಳು. ರಾಮ ಹುಟ್ಟು ಹಿಡಿದೇ ಬಂದ. ಕೇರಿಯವರು ನಿನ್ನನ್ನು ಅಂಗಳಕ್ಕೆ ಎಳೆದು ಹಾಕಿ ಬಡಿದರು, ನಾನು ಬಿಡಿಸಲಿಲ್ಲ. ಮಾರನೆಯ ದಿನ ನೀನು ಹೊಳೆ ದಾಟಿ ಸದಾಶಿವಗಡದ ದಾರಿ ಹಿಡಿದು ಗೋವೆಯ ಕಡೆ ಹೋದೆಯೆಂದು ಅಂಬಿಗ ಹೇಳಿದ.

ಈಗ ನಿನ್ನ ಕಾರ್ಡಿಗೆ ಉತ್ತರ. ಊರೆಲ್ಲ ತಟ್ಟಿ ಕಟ್ಟುತ್ತಿರುವ ಈ ಹೊತ್ತಿನಲ್ಲಿ ನಾನು ಎಲ್ಲ ಕಿಡಕಿಗಳನ್ನು ಒಳಗೂ ಹೊರಗೂ ತೊಳೆದಿದ್ದೇನೆ. ಹೆಣೆದಿಟ್ಟ ತಟ್ಟಿಗಳನ್ನು ಹಂಡೆಯ ಒಲೆಗೆ ಹಾಕಿದೆ. ಮಳೆ ಹೊಡೆಯಲಿ, ಉಪ್ಪು ಹತ್ತಲಿ, ದಿನಾ ಬೆಳಿಗ್ಗೆ ಒರೆಸುತ್ತೇನೆ. ಕೇರಿಯವರು ನಗುತ್ತಾರೆ, ನಾಗಿ ನಗುವುದಿಲ್ಲ. ಅಂಕೋಲೆಯಿಂದ ಸುಬ್ಬಿಯ ಅಣ್ಣ ಸೋಮು ಬಂದಿದ್ದ. “ಬಾವ ಮೆಟ್ಲ ಹತ್ತಿದ್ರೆ ಕಾಲ್ ಮುರ್ದ್ ಹಾಕ್ತೆ” ಅಂದ. “ನಿನ್ನ ಸರದಿ ನನ್ನ ನಂತರ, ಸುಮ್ಮನಿರು” ಎಂದು ಅವನಿಗೆ ಹೇಳಿದೆ. ಕೊಯ್ತವನ್ನು ಮಸೆದು ಬಾಗಿಲ ಹಿಂದೆ ಇಟ್ಟಿದ್ದೇನೆ. ಈ ಸಲ ಕಡಿಯಲು ಹಗ್ಗ ಇಲ್ಲ. ಮಳೆಗಾಲವನ್ನು ಮುಂಬಯಿಯಲ್ಲೇ ಕಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕುಡಿಯಬೇಡ. ಕಡಲು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಕಾಶಿ

ತಾ.ಕ. ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಸುಬ್ಬಿ ತಿಳಿಸಬೇಡ ಎಂದಿದ್ದಳು, ನನಗೆ ತಡೆಯಲಾಗಲಿಲ್ಲ. ಯುಗಾದಿ ಕಳೆದ ಮೇಲೆ ಅವಳಿಗೆ ಹೆರಿಗೆಯಾಯಿತು. ಹೆಣ್ಣು. ಹುಬ್ಬು ನಿನ್ನದೇ. ಹಗಲು ಹೊತ್ತು ತೊಟ್ಟಿಲು ಕಿಡಕಿಯ ಹತ್ತಿರವೇ ಇರುತ್ತದೆ. ನೋಡದೆ ಇರಲಾಗದು ಎನಿಸಿದರೆ ಬಾ, ಅಂಗಳದಲ್ಲಿ ನಿಂತು ನೋಡಿಕೊಂಡು ಹೋಗು. ಗಾಜು ತೊಳೆದಿಟ್ಟಿದ್ದೇನೆ.